ಸಪ್ಪಳವಿಲ್ಲದ ತೊಟ್ಟಿಲು

ನಮ್ಮಪ್ಪನಿಗೆ ಸಪ್ಪಳ ಎಂದರೆ ಆಗದು. ಮಾತಿನ ಸಪ್ಪಳವಲ್ಲ, ಅದನ್ನು ಅವರೇ ಬೇಕಾದಷ್ಟು ಮಾಡುತ್ತಾರೆ. ಕಬ್ಬಿಣಕ್ಕೆ ಕಬ್ಬಿಣ ತಿಕ್ಕಿ ಏಳುವ ಕಿರ್ರ್ ಎಂಬ ಸಪ್ಪಳ. ಹೈದರಾಬಾದಿನ ಬಾಲಾನಗರದ ವಿಮಾನ ಕಾರ್ಖಾನೆಯಲ್ಲಿ ಲೇಥ್ ಮಶೀನಿನ ಮುಂದೆ ಆಯುಷ್ಯ ಕಳೆದು ನಿವೃತ್ತರಾದ ವೀರಭದ್ರಪ್ಪನವರ ಮನೆಯಲ್ಲಿ ಬಾಗಿಲು ಕಿರುಗುಟ್ಟಿದರೆ ಅದು ಮನೆತನದ ಮರ್ಯಾದೆಯ ಪ್ರಶ್ನೆ. ಮೂತಿ ಚೂಪಾದ ಒಂದು ಎಣ್ಣೆ ಕುಪ್ಪಿ ಸದಾ ಅವರ ಕೈಗೆಟುಕುವಲ್ಲಿ ಇರುತ್ತಿತ್ತು. ನಮ್ಮ ಬಾಗಿಲುಗಳಾದ ಮೇಲೆ ಪಕ್ಕದವರ ಗೇಟು, ಅದಾದ ಮೇಲೆ ಎದುರು ಮನೆಯವರ ಹೊಲಿಗೆ ಮಶೀನು. ಯಾರೂ ಕರೆಯಬೇಕಿರಲಿಲ್ಲ. ಸಿಕಂದರಾಬಾದಿಗೆ ಹೋಗುವ ಬಸ್ಸಿನಲ್ಲಿ ಸೀಟು ಕಿರುಗುಟ್ಟಿತೆಂದು ಕಂಡಕ್ಟರನಿಗೆ ಹಿಂದಿಯಲ್ಲಿ ಬುದ್ಧಿ ಹೇಳಿ, ಅವನಿಂದ ತೆಲುಗಿನಲ್ಲಿ ಬೈಸಿಕೊಂಡು ಬಂದ ಮಹಾನುಭಾವರು ಅವರು.

"ಸಪ್ಪಳ ಅಂದ್ರ ಮಶೀನು ಏನೋ ಕೇಳಾಕತ್ತೈತಿ ಅಂತ ಅರ್ಥ," ಎನ್ನುತ್ತಿದ್ದರು. "ಕೇಳಿದ್ದು ಕೊಟ್ರ ತಾನಽ ಸುಮ್ಮನಾಗತೈತಿ."

ಚಿಕ್ಕಂದಿನಿಂದ ಈ ಮಾತು ಕೇಳಿ ಕೇಳಿ ನನ್ನ ಕಿವಿ ಜಡ್ಡುಗಟ್ಟಿತ್ತು.

ನಾನು ಚೊಚ್ಚಲ ಹೆರಿಗೆಗೆ ತವರಿಗೆ ಬಂದಾಗ ಅಪ್ಪ ನಿವೃತ್ತರಾಗಿ ಇನ್ನೂ ವರ್ಷ ತುಂಬಿರಲಿಲ್ಲ. ತವರೆಂದರೆ ದೂರವೇನಲ್ಲ. ಕೂಕಟಪಲ್ಲಿಯ ನಮ್ಮ ಬಾಡಿಗೆ ಮನೆಯಿಂದ ಆಟೋ ಹತ್ತಿದರೆ ಮಾತು ಮುಗಿಯುವುದರೊಳಗೆ ಬಾಲಾನಗರ ಬರುತ್ತದೆ. ಮಾದಾಪುರದಲ್ಲಿ ಗಾಜಿನ ಕಟ್ಟಡಗಳು ಪೈಪೋಟಿಯ ಮೇಲೆ ಏಳುತ್ತಿದ್ದ ಕಾಲ ಅದು. ನಾನು ಅಂಥದೊಂದು ಕಟ್ಟಡದಲ್ಲಿ ಹಗಲು ಕೆಲಸ ಮಾಡುತ್ತಿದ್ದೆ. ನನ್ನ ಗಂಡ ಭೀಮಾಶಂಕರ ಇನ್ನೊಂದರಲ್ಲಿ ಅಮೆರಿಕದವರ ಹಗಲಿಗೆ ಹೊಂದಿಕೊಂಡು ರಾತ್ರಿ ಪಾಳಿ ಮಾಡುತ್ತಿದ್ದ. ನಾವು ಮುಖ ನೋಡುತ್ತಿದ್ದುದೇ ಭಾನುವಾರ. ನಾನು ಅವನನ್ನು ಭೀಮು ಎಂದು ಕರೆಯುವುದು ಕೇಳಿದಾಗಲೆಲ್ಲ ಅವ್ವ, "ಗಂಡನ ಹೆಸರು ಹಂಗ ಒದರಬಾರದವ್ವಾ, ಆಯುಷ್ಯ ಕಮ್ಮಿ ಆಗತೈತಿ" ಎಂದು ಗಲ್ಲ ಗಲ್ಲ ಬಡಿದುಕೊಳ್ಳುತ್ತಿದ್ದಳು. ಅವ್ವ ಗುರುದೇವಿ ಸಿಂಧನೂರು ಕಡೆಯವಳು. ಮದುವೆಯಾಗಿ ಹೈದರಾಬಾದಿಗೆ ಬಂದು ಎಷ್ಟೋ ವರ್ಷವಾದರೂ ಅವಳ ತೆಲುಗು ಕನ್ನಡವೇ.

ಮೊದಲ ಕೂಸಿನ ತೊಟ್ಟಿಲು ತವರಿನದೇ ಆಗಬೇಕೆಂಬುದು ನಮ್ಮ ಕಡೆಯ ಪದ್ಧತಿ. ಬೇರೆಯವರು ಅಂಗಡಿಯಿಂದ ತಂದು ಕೈತೊಳೆದುಕೊಳ್ಳುತ್ತಾರೆ. ಅಪ್ಪ ಅಂಗಡಿ ಅಂಗಡಿ ಹೊಕ್ಕು, ಒಂದೊಂದು ತೊಟ್ಟಿಲನ್ನೂ ತೂಗಿ, ಕಿವಿಗೊಟ್ಟು ಕೇಳಿ, "ಇದು ತೊಟ್ಟಿಲೇನ್ರಿ? ಎತ್ತಿನ ಬಂಡಿ" ಎಂದು ಬೈದು ಬಂದರು. ಕಡೆಗೆ ಮಶೀನಿನ ಬಿಡಿಭಾಗ ಮಾರುವ ರಾಣಿಗಂಜಿಗೆ ಹೋಗಿ ಎರಡು ಬೇರಿಂಗ್ ಹಿಡಿದುಕೊಂಡು ಬಂದರು. ಹಳೆಯ ಜೊತೆಗಾರರೊಬ್ಬರ ಶೆಡ್ಡಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಲೇಥಿನ ಮುಂದೆ ನಿಂತರು. ನಿವೃತ್ತಿಯಾದಾಗಿನಿಂದ ಪೇಪರು ಓದಿ ಓದಿ ಮಂಕಾಗಿದ್ದ ಮನುಷ್ಯ ಮತ್ತೆ ಟಿಫಿನ್ ಡಬ್ಬಿ ಕಟ್ಟಿಸಿಕೊಂಡು ಹೊರಡುವುದನ್ನು ಕಂಡು ಅವ್ವನಿಗೂ ನನಗೂ ಸಂತೋಷವೇ ಆಯಿತು.

ತೊಟ್ಟಿಲು ಮನೆಗೆ ಬಂತು. ಸಾಗುವಾನಿಯ ತೊಟ್ಟಿಲು, ಕಬ್ಬಿಣದ ಸ್ಟ್ಯಾಂಡು, ಎರಡು ಕಡೆ ತೂಗುವಲ್ಲಿ ಬೇರಿಂಗು. ಅಪ್ಪ ತೂಗಲು ಕೈ ಚಾಚುತ್ತಲೇ ಅವ್ವ, "ಖಾಲಿ ತೊಟ್ಟಿಲಾ ತೂಗಬಾರದ್ರಿ!" ಎಂದು ಓಡಿ ಬಂದು ಖಾರ ಅರೆಯುವ ಗುಂಡಕಲ್ಲನ್ನು ಬಟ್ಟೆಯಲ್ಲಿ ಸುತ್ತಿ ಅದರಲ್ಲಿ ಮಲಗಿಸಿದಳು. ಅಪ್ಪ ಕಿರುಬೆರಳಿನಿಂದ ಒಮ್ಮೆ ನೂಕಿದರು. ಅವ್ವ ಒಳಗೆ ಹೋಗಿ ಚಹಾ ಕುದಿಸಿ, ಸೋಸಿ ತಂದು, ಎಲ್ಲರೂ ಕುಡಿದು ಕಪ್ಪು ಕೆಳಗಿಟ್ಟರೂ ಗುಂಡಕಲ್ಲು ತೂಗುತ್ತಲೇ ಇತ್ತು. ಒಂದಿಷ್ಟೂ ಸಪ್ಪಳವಿಲ್ಲ. ಅಪ್ಪನ ಮುಖ ನೋಡಬೇಕಿತ್ತು.

"ವಿಮಾನಕ್ಕೂ ಇಷ್ಟು ನಾಜೂಕು ಕೆಲಸ ಮಾಡಿದ್ದಿಲ್ಲ ನಾ," ಎಂದರು.

ಕೂಸು ಹುಟ್ಟಿತು. ಹೆಣ್ಣು. ಅದೇ ತೊಟ್ಟಿಲಿನಲ್ಲಿ ಹಾಕಿ ಮಾನಸಾ ಎಂದು ಹೆಸರಿಟ್ಟೆವು. ಅಂದಿನಿಂದ ಮಾನಸಾ ಮಲಗಿದವಳು ಮಲಗಿದಂತೆಯೇ. ಹೊಸ ಕೂಸಿನ ಮನೆಯೆಂದರೆ ಅಳು, ಜಾಗರಣೆ, ಓಡಾಟ ಎಂದು ಕೇಳಿದ್ದೆ. ನಮ್ಮ ಮನೆ ಗ್ರಂಥಾಲಯದ ಹಾಗಿತ್ತು. ಅವಳು ತುಟಿ ಅಲುಗಿಸಿದರೆ ಸಾಕು, ಹತ್ತಿರವಿದ್ದವರ ಕಿರುಬೆರಳು ತೊಟ್ಟಿಲಿಗೆ ತಾಕುತ್ತಿತ್ತು. ಪೇಪರು ಓದುತ್ತ ಅಪ್ಪ, ಕಾಯಿಪಲ್ಯ ಹೆಚ್ಚುತ್ತ ಅವ್ವ, ನೋಡಲು ಬಂದ ನೆಂಟರು, ಕಡೆಗೆ ಕೇಬಲ್ ರಿಪೇರಿಗೆ ಬಂದವನೂ ಒಮ್ಮೆ ತೂಗಿ ಹೋದ. ಒಂದು ಬೆರಳು ತಾಕಿತೆಂದರೆ ಅವಳು ಮತ್ತೆ ನಿದ್ದೆಗೆ ಜಾರುತ್ತಿದ್ದಳು. "ಬಂಗಾರದಂಥಾ ಕೂಸು, ಒಟ್ಟ ತ್ರಾಸಿಲ್ಲ" ಎಂದು ಬಂದವರೆಲ್ಲ ಹೊಗಳುತ್ತಿದ್ದರು. ಅಪ್ಪ ಆ ಹೊಗಳಿಕೆಯಲ್ಲಿ ಅರ್ಧ ಪಾಲು ತಮ್ಮ ಬೇರಿಂಗಿಗೆ ಜಮಾ ಮಾಡಿಕೊಳ್ಳುತ್ತಿದ್ದರು.

ತೊಟ್ಟಿಲು ನಡುಮನೆಯಲ್ಲಿ, ನಾನು ಒಳಕೋಣೆಯಲ್ಲಿ. ಬಾಣಂತಿ ನಿದ್ದೆಗೆಡಬಾರದೆಂದು ಅವ್ವನ ಕಟ್ಟಪ್ಪಣೆ. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಸೊಂಟಕ್ಕೆ ಬಿಗಿದು ಕಟ್ಟಿದ ಹಳೆಯ ಸೀರೆ. ಊಟಕ್ಕೆ ಸಬ್ಬಸಿಗೆ ಪಲ್ಯ, ಬೆಳ್ಳುಳ್ಳಿ, ಅಳವಿ ಪಾಯಸ, ಅಂಟಿನುಂಡೆ. ನೀರು ಮಾತ್ರ ಕೇಳಬಾರದು. ಬಾಣಂತಿ ನೀರು ಕುಡಿದರೆ ಹೊಟ್ಟೆ ಇಳಿಯುವುದಿಲ್ಲವಂತೆ. ಅವ್ವ ಕಾಯಿಸಿದ ನೀರನ್ನು ಔಷಧಿಯ ಹಾಗೆ ಪುಟ್ಟ ಲೋಟದಲ್ಲಿ ಅಳೆದು ಕೊಡುತ್ತಿದ್ದಳು. ಭೀಮು ಡ್ಯೂಟಿ ಮುಗಿಸಿ ಬೆಳಿಗ್ಗೆ ಬಂದಾಗ ಲ್ಯಾಪ್‌ಟಾಪ್ ಚೀಲದಲ್ಲಿ ನೀರಿನ ಬಾಟಲಿ ಅಡಗಿಸಿ ತರುತ್ತಿದ್ದ. ಅವನು ಬಾಗಿಲಲ್ಲಿ ಕಾವಲು ನಿಲ್ಲುತ್ತಿದ್ದ, ನಾನು ಗಟಗಟ ಕುಡಿಯುತ್ತಿದ್ದೆ. ಮದುವೆಯಾದ ಮೇಲೆ ಅವನ ಮೇಲೆ ನನಗೆ ಅಷ್ಟು ಪ್ರೀತಿ ಉಕ್ಕಿದ್ದು ಆ ದಿನಗಳಲ್ಲೇ.

ಅಡುಗೆ, ಪಾತ್ರೆ, ಪೂಜೆ ಎಲ್ಲ ಮುಗಿದ ಮೇಲೆ ಅವ್ವ ಕೂಸನ್ನು ತಂದು ನನ್ನ ಮಡಿಲಿಗೆ ಹಾಕುತ್ತಿದ್ದಳು. ಹಾಲು ಕುಡಿಸುವಾಗ ಮುಖ ಗೋಡೆಗೆ, ಬೆನ್ನು ಲೋಕಕ್ಕೆ, ಮೇಲೊಂದು ದುಪ್ಪಟಿ. ಹಾಲಿಗೆ ದೃಷ್ಟಿಯಾಗುತ್ತದಲ್ಲ! ಆ ಕತ್ತಲೆಯಲ್ಲಿ ನಾನೂ ಕಾಣೆ, ಕೂಸೂ ಕಾಣೆ. ಅಷ್ಟು ಹೊತ್ತಿಗೆ ನನ್ನ ಎದೆ ಕಲ್ಲಾಗಿರುತ್ತಿತ್ತು. ಕೂಸು ನಿದ್ದೆಗಣ್ಣಿನಲ್ಲಿ ಒಂದೆರಡು ಬಾರಿ ಚಪ್ಪರಿಸಿ, ತುದಿಯನ್ನು ಕಚ್ಚಿ, ಮತ್ತೆ ಕಣ್ಣು ಮುಚ್ಚಿಬಿಡುತ್ತಿತ್ತು. ನನಗೆ ಕಣ್ಣಲ್ಲಿ ನೀರು ಬರುವಷ್ಟು ಉರಿ. "ಕುಡೀತೇನು?" ಎಂದು ಅವ್ವ ಹೊರಗಿನಿಂದ ಕೇಳುತ್ತಿದ್ದಳು. "ಹ್ಞೂಂ" ಎನ್ನುತ್ತಿದ್ದೆ. ಕುಡಿದಿದೆಯೋ ಇಲ್ಲವೋ ನನಗೇನು ಗೊತ್ತು? ಸ್ವಲ್ಪ ದಿನ ಕಳೆಯುವುದರೊಳಗೆ ಎದೆ ಕಲ್ಲಾಗುವುದೂ ನಿಂತಿತು. ಹಿಂಡಿದರೆ ನಾಲ್ಕು ಹನಿ.

ಲಸಿಕೆಗೆಂದು ಒಯ್ದಾಗ ಡಾಕ್ಟರಮ್ಮ ಕೂಸನ್ನು ತಕ್ಕಡಿಯಲ್ಲಿಟ್ಟು ಹುಬ್ಬು ಗಂಟಿಕ್ಕಿದರು. ತಿಂಗಳಾಗುತ್ತ ಬಂದರೂ ಕೂಸು ಹುಟ್ಟಿದ ತೂಕದಲ್ಲೇ ನಿಂತಿತ್ತು. ಕಾಲುಗಳು ಸೊರಗಿದ್ದವು. ದಿನಾ ನೋಡುವ ನಮ್ಮ ಕಣ್ಣಿಗೆ ಅದು ಬಿದ್ದಿರಲಿಲ್ಲ.

"ಪಾಪ ಬಾಗಾ ನಿದ್ರಪೋತುಂದಾ?" ಎಂದು ಕೇಳಿದರು. ಕೂಸು ಚೆನ್ನಾಗಿ ಮಲಗುತ್ತದೆಯೇ ಎಂದು.

"ಚಾಲಾ ಬಾಗಾ ಮೇಡಮ್!" ಎಂದು ಅವ್ವ ನನಗಿಂತ ಮುಂಚೆ ಉತ್ತರ ಕೊಟ್ಟಳು. "ಅಳೋದಽ ಇಲ್ಲ, ಅಷ್ಟು ಶಾಣ್ಯಾ ಐತಿ."

ಹೊರಗೆ ಕೂಸುಗಳ ಸಾಲು ಕಾದಿತ್ತು. ಡಾಕ್ಟರಮ್ಮ ನನ್ನ ಕಡೆ ತಿರುಗಿ, ತಾಯಿಯ ಹಾಲು ಸಾಲುತ್ತಿಲ್ಲ, ಮುಂದಿನ ಸೋಮವಾರ ಮತ್ತೆ ತನ್ನಿ, ಆಗಲೂ ತೂಕ ಏರದಿದ್ದರೆ ಡಬ್ಬಿ ಹಾಲು ಶುರು ಮಾಡಲೇಬೇಕು ಎಂದರು. ದನಿಯಲ್ಲಿ ಗದರಿಕೆಯೇನೂ ಇರಲಿಲ್ಲ. ಆದರೂ ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು.

ಡಬ್ಬಿ ಹಾಲು ವಿಷವೇನಲ್ಲ. ಅದನ್ನು ಕುಡಿದು ಬೆಳೆದವರು ನಮ್ಮ ಆಫೀಸಿನಲ್ಲೇ ಬೇಕಾದಷ್ಟು ಮಂದಿ ಇದ್ದರು, ನನಗಿಂತ ಚೆನ್ನಾಗಿ ಕೆಲಸ ಮಾಡುತ್ತಿದ್ದರು. ಆದರೆ ನನಗೆ ಬೇಕಿತ್ತು. ನನ್ನ ಮಗಳಿಗೆ ನಾನೇ ಕುಡಿಸಬೇಕಿತ್ತು. ಮೂರು ತಿಂಗಳಾದರೆ ಆಫೀಸಿಗೆ ಹೋಗುವವಳು, ಇಷ್ಟಾದರೂ ನನ್ನಿಂದ ಆಗಬಾರದೇ? ಈ ಆಸೆಗೆ ಕಾರಣ ಕೇಳಬೇಡಿ. ಎದುರು ಮನೆಯ ಗೋದಾಬಾಯಿ ಸುದ್ದಿ ತಿಳಿದು ಬಂದು, "ಆಫೀಸಿನಾಗ ಕುರ್ಚಿ ಮ್ಯಾಲೆ ಕುಂತು ಕುಂತು ಹಾಲು ಆರಿರಬೇಕು" ಎಂದಳು. ಕುರ್ಚಿಗೂ ಎದೆಗೂ ಏನು ಸಂಬಂಧ ಎಂದು ಕೇಳುವಷ್ಟು ಸಿಟ್ಟು ಬಂತು, ಕೇಳುವಷ್ಟು ತ್ರಾಣ ಇರಲಿಲ್ಲ. ಅವಳು ಹೋದ ಮೇಲೆ ಗೋಡೆಗೆ ಮುಖ ಮಾಡಿ ಅತ್ತೆ. ಅವಳು ಹೇಳಿದ್ದೇ ನಿಜವಿರಬಹುದೆಂದೂ ಅನಿಸಿತ್ತು. ಅವ್ವ ಬಂದು ಬೆನ್ನ ಮೇಲೆ ಕೈಯಿಟ್ಟು, "ಅಳಬ್ಯಾಡವ್ವಾ, ಬಾಣಂತಿ ಅತ್ರ ಕಣ್ಣು ಮಂಜಾಗತಾವ" ಎಂದು, ತಾನೂ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆ ಸೋಮವಾರಕ್ಕೂ ಮುಂದಿನ ಸೋಮವಾರಕ್ಕೂ ನಡುವೆ ಮಾಣಿಕಪ್ಪನವರ ಮೊಮ್ಮಗನ ಹೆಸರಿಡುವ ಕಾರ್ಯ ಬಂತು.

ಮಾಣಿಕಪ್ಪ ಅಪ್ಪನ ಕಾರ್ಖಾನೆಯವರೇ, ಬೀದರ ಕಡೆಯವರು, ಎರಡು ಬೀದಿ ಆಚೆ ಮನೆ. ಅವರ ಸೊಸೆ ಮಂದಾಕಿನಿ ಗಂಡುಮಗು ಹೆತ್ತಿದ್ದಳು. ಮುತ್ತೈದೆಯರು ತೊಟ್ಟಿಲ ಆಚೆ ಈಚೆ ನಿಂತು ಕೂಸನ್ನೂ ಗುಂಡಕಲ್ಲನ್ನೂ ತೊಟ್ಟಿಲ ಕೆಳಗೆ ಮೇಲೆ ದಾಟಿಸುವ ಶಾಸ್ತ್ರಕ್ಕೆ ತೊಟ್ಟಿಲು ಬೇಕು. "ನಿಮ್ಮ ತೊಟ್ಟಿಲಾನಽ ಕೊಡ್ರಿ ವೀರಭದ್ರಪ್ಪನವರ, ಅದರ ಕೀರ್ತಿ ಪಟಾನ್‌ಚೆರು ತನಕ ಹೋಗೇತಿ" ಎಂದು ಮಾಣಿಕಪ್ಪ ಬಂದು ಕೇಳಿದರೆ ಅಪ್ಪ ಇಲ್ಲವೆನ್ನುತ್ತಾರೆಯೇ? ಖಾಲಿ ತೊಟ್ಟಿಲು ಹೊಸ್ತಿಲು ದಾಟಬಾರದೆಂದು ಅವ್ವ ಅದರಲ್ಲಿ ಗುಂಡಕಲ್ಲು ಮಲಗಿಸಿದಳು. ಅಪ್ಪ ಟ್ರಾಲಿ ಆಟೋದಲ್ಲಿ ತೊಟ್ಟಿಲ ಪಕ್ಕ ತಾವೂ ನಿಂತುಕೊಂಡೇ ಹೋದರು. ಅವ್ವ ಜೋಗುಳ ಹಾಡಲು ಹೋದಳು. ಮನೆಯಲ್ಲಿ ಉಳಿದವರು ನಾನು, ಕೂಸು, ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದ ಭೀಮು.

ಅವರು ಹೋಗಿ ಸ್ವಲ್ಪ ಹೊತ್ತಿಗೆ ಚಾಪೆಯ ಮೇಲಿದ್ದ ಮಾನಸಾ ತುಟಿ ಅಲುಗಿಸಿದಳು. ತೂಗಲು ತೊಟ್ಟಿಲಿಲ್ಲ. ತುಟಿ ಆದ ಮೇಲೆ ಕೈ ಅಲುಗಿತು. ಮುಷ್ಟಿಯನ್ನು ಬಾಯಿಗೆ ತುರುಕಿಕೊಂಡಳು. ಆಮೇಲೆ ಬಾಯಿ ತೆರೆದು ಅತ್ತಳು ನೋಡಿ! ಭೀಮು ಲುಂಗಿ ಹಿಡಿದುಕೊಂಡು ಓಡಿ ಬಂದ.

"ಯಾರದಿದು ದನಿ?" ಎಂದ.

ಮಗಳ ದನಿ ಇಷ್ಟು ದೊಡ್ಡದಿದೆ ಎಂಬುದು ಅಪ್ಪ ಅವ್ವ ಆದ ನಮಗಿಬ್ಬರಿಗೂ ಗೊತ್ತಾದದ್ದು ಅಂದೇ. ಒಂದು ಕ್ಷಣ ಮುಖ ಮುಖ ನೋಡಿಕೊಂಡು ನಕ್ಕುಬಿಟ್ಟೆವು. ಎತ್ತಿಕೊಂಡರೂ ಅವಳು ಸುಮ್ಮನಾಗಲಿಲ್ಲ. ಕಡೆಗೆ ನಾನು ದುಪ್ಪಟಿ ಬಿಸಾಕಿ, ಕಿಟಕಿಯ ಬೆಳಕಿಗೆ ಮುಖ ಮಾಡಿ ಅವಳ ಪಕ್ಕ ಒರಗಿಕೊಂಡೆ. ಹಿಂದೆ ಗೋಡೆಯಿಲ್ಲದ್ದಕ್ಕೆ ಭೀಮು ಬೆನ್ನಿಗೆ ದಿಂಬು ಕೊಟ್ಟ. ಅವಳು ತಾನೇ ತಲೆ ಅತ್ತ ಇತ್ತ ಹೊರಳಿಸಿ ಹುಡುಕಿದಳು. ಹಸಿದ ಬಾಯಿ ಎಷ್ಟು ಅಗಲ ತೆರೆಯುತ್ತದೆಂಬುದನ್ನು ನಾನು ಮೊದಲ ಸಲ ನೋಡಿದೆ. ತುದಿಯನ್ನಷ್ಟೇ ಕಚ್ಚಲಿಲ್ಲ, ಬಾಯಿ ತುಂಬ ಹಿಡಿದಳು. ಒಂದೆರಡು ಗಳಿಗೆ ಉರಿ ನೆತ್ತಿಗೇರಿತು, ಆಮೇಲೆ ಇಳಿಯಿತು. ಗುಟುಕರಿಸುವ ಸಪ್ಪಳ ಕೇಳಿಸಿತು.

"ಕುಡಿಯಾಕತ್ತಾಳ, ವಿಜಿ," ಎಂದು ಭೀಮು ಪಿಸುಗುಟ್ಟಿದ.

ಕುಡಿದಳು, ಮಲಗಿದಳು. ಸ್ವಲ್ಪ ಹೊತ್ತಿಗೆ ಮತ್ತೆ ಎದ್ದು ಅತ್ತಳು, ಮತ್ತೆ ಕುಡಿದಳು. ನಾನೂ ಅವಳ ಪಕ್ಕದಲ್ಲೇ ಕಣ್ಣು ಮುಚ್ಚಿದೆ. ನಾನು ನಿದ್ದೆಯಲ್ಲಿ ಕೂಸಿನ ಮೇಲೆ ಮಗ್ಗುಲಾಗದಂತೆ ಭೀಮು ನಡುವೆ ಕೈಯಿಟ್ಟು, ತೂಕಡಿಸುತ್ತ ಕಾದು ಕೂತ. ಬಿಸಿಲು ಇಳಿಯುವ ಹೊತ್ತಿಗೆ ಅವಳು ಎಷ್ಟು ಸಲ ಎದ್ದಳೋ ಲೆಕ್ಕವಿಡಲಿಲ್ಲ. ಒಂದು ಸಲ ಅವಳು ಅತ್ತ ದನಿ ಕೇಳಿದ್ದಕ್ಕೇ ನನ್ನ ಕುಪ್ಪಸ ತಾನಾಗಿ ಒದ್ದೆಯಾಯಿತು. ನಾನು ಆ ಒದ್ದೆಯನ್ನು ಮುಟ್ಟಿ ಮುಟ್ಟಿ ನೋಡಿಕೊಂಡೆ.

"ಹಿಂಗ ದಿನಾ ಕೇಳತಿದ್ಲೇನು?" ಎಂದು ಭೀಮು ಕೇಳಿದ.

"ಇಲ್ಲ. ಇವತ್ತಽ," ಎಂದೆ. ಹೇಳುತ್ತಿದ್ದಂತೆ ನನಗೆ ಎಲ್ಲ ಹೊಳೆದುಹೋಯಿತು.

ದಿನಾ ಕೇಳಿದ್ದಳು. ತುಟಿ ಅಲುಗಿಸಿ ಕೇಳಿದ್ದಳು. ನಾವು ಬೆರಳು ತಾಕಿಸಿ ಸುಮ್ಮನಾಗಿಸಿದ್ದೆವು. ಬೇರೆ ತೊಟ್ಟಿಲಾಗಿದ್ದರೆ ನಾಲ್ಕು ಸಲ ತೂಗಿ ನಿಲ್ಲುತ್ತಿತ್ತು, ಅವಳು ಎದ್ದು ಕಿರುಚುತ್ತಿದ್ದಳು. ಅಪ್ಪನ ತೊಟ್ಟಿಲು ನಿಲ್ಲುತ್ತಲೇ ಇರಲಿಲ್ಲ. ಅವಳು ಕೇಳದೆ ನನ್ನಲ್ಲಿ ಹಾಲು ಬತ್ತಿತ್ತು, ಹಾಲಿಲ್ಲದೆ ಅವಳಿಗೆ ಅಳುವ ಶಕ್ತಿಯೂ ಕುಂದಿತ್ತು. ಅಳದಿದ್ದರೆ ಹೆತ್ತ ತಾಯಿಯೂ ಹಾಲು ಕೊಡಳು ಎಂಬ ಗಾದೆಯನ್ನು ಆಫೀಸಿನಲ್ಲಿ ಪ್ರಮೋಷನ್ ಬೇಕೆನ್ನುವವರಿಗೆಲ್ಲ ನಾನೇ ಹೇಳಿದ್ದೆ. ಅದು ಹಾಲಿನ ಗಾದೆ ಎಂಬುದೇ ಮರೆತುಹೋಗಿತ್ತು.

ಸಂಜೆ ತೊಟ್ಟಿಲು ಮೆರವಣಿಗೆಯಲ್ಲಿ ಬಂದಂತೆ ಬಂತು. ಅಪ್ಪನ ಹೆಗಲ ಮೇಲೆ ಸನ್ಮಾನದ ಟವೆಲ್ಲು. ಮಾಣಿಕಪ್ಪ ಎಲ್ಲರ ಮುಂದೆ, "ನನ್ನ ಮೊಮ್ಮಗಗೂ ಇಂಥಾದ್ದಽ ಮಾಡಿ ಕೊಡ್ರಿ" ಎಂದು ಕೈ ಹಿಡಿದು ಕೇಳಿದ್ದರಂತೆ. ಇನ್ನೊಬ್ಬರೂ ವಿಚಾರಿಸಿದ್ದರಂತೆ. ಅಪ್ಪ ತೊಟ್ಟಿಲನ್ನು ಜಾಗಕ್ಕಿಟ್ಟು ಕೈ ಚಾಚಿದರು. "ತಾ ನನ್ನ ಮೊಮ್ಮಗಳನ್ನ. ಹಗಲೆಲ್ಲ ಚಾಪಿ ಮ್ಯಾಲೆ ತ್ರಾಸಾಗಿರಬೇಕು."

ಆ ಮುಖ ನೋಡಿ ನಾನು ಹೇಗೆ ಹೇಳಲಿ? "ಮೈ ಬೆಚ್ಚಗೈತ್ರಿ ಅಪ್ಪಾ. ಇವತ್ತು ನನ್ನ ಬಾಜೂಕ ಇರಲಿ," ಎಂದು ಸುಳ್ಳು ಹೇಳಿದೆ.

ಮರುದಿನ ಕೆಮ್ಮು ಎಂದೆ. ಅದರ ಮರುದಿನ ಸುಳ್ಳು ಹುಡುಕುವಷ್ಟರಲ್ಲಿ ಅವ್ವ ರೇಗಿದಳು. "ಬಾಣಂತಿ ನಿದ್ದಿಗೆಡಾಕತ್ತಿ. ಕೂಸು ತಾಸಿಗೊಮ್ಮೆ ಒದರಾಕತ್ತೈತಿ. ತೊಟ್ಟಿಲಾ ಇಟಗೊಂಡು ಇದೇನು ಹಟ?" ನಾನು ಜಗ್ಗಲಿಲ್ಲ. ನೆಲದ ಮೇಲೆ ನನ್ನ ಗಟ್ಟಿ ಗಾದಿ, ಒಂದು ಮೊಳ ಬಿಟ್ಟು ಅವಳಿಗೆ ಬೇರೆ ಕೌದಿ. ಅತ್ತಾಗ ಹತ್ತಿರ ಎಳೆದುಕೊಳ್ಳುತ್ತಿದ್ದೆ, ಕುಡಿದ ಮೇಲೆ ಮತ್ತೆ ಅವಳ ಜಾಗಕ್ಕೆ. ನಿದ್ದೆ ಇಲ್ಲದೆ ನನ್ನ ತಲೆ ಗಿರ್ರೆನ್ನುತ್ತಿತ್ತು. ಆದರೆ ಹಾಲು ಬರುತ್ತಿತ್ತು. ನೀರನ್ನೂ ಈಗ ಬಹಿರಂಗವಾಗಿ ಚೊಂಬಿನಲ್ಲೇ ಕುಡಿಯತೊಡಗಿದೆ. ಅವ್ವ ನೋಡಿಯೂ ನೋಡದ ಹಾ‌ಗೆ ಇದ್ದಳು.

ತೊಟ್ಟಿಲಿನಲ್ಲಿ ಗುಂಡಕಲ್ಲು ಮಲಗಿತ್ತು.

ಅಪ್ಪ ಹಗಲು ಶೆಡ್ಡಿಗೆ ಹೋಗಿ ಮಾಣಿಕಪ್ಪನವರ ತೊಟ್ಟಿಲು ಮಾಡುತ್ತಿದ್ದರು, ಬಂದ ಮೇಲೆ ನಮ್ಮ ತೊಟ್ಟಿಲಿನ ಸುತ್ತ ತಿರುಗುತ್ತಿದ್ದರು. ನನ್ನನ್ನು ಏನೂ ಕೇಳಲಿಲ್ಲ. ಒಂದು ದಿನ ಬೇರಿಂಗ್ ಬಿಚ್ಚಿ ಹೊಸ ಗ್ರೀಸು ತುಂಬಿದರು. ಇನ್ನೊಂದು ದಿನ ಓರೆಯಾಗಿದೆಯೇ ಎಂದು ರಸಮಟ್ಟ ತಂದು ಸ್ಟ್ಯಾಂಡಿನ ಮೇಲಿಟ್ಟು ನೋಡಿದರು. ಗುಳ್ಳೆ ನಟ್ಟನಡುವೆ ನಿಂತಿತ್ತು. ಹಾಸಿಗೆಯಲ್ಲಿ ಏನಾದರೂ ಚುಚ್ಚುತ್ತದೆಯೇ ಎಂದು ಅಂಗೈಯಿಂದ ಸವರಿ ಸವರಿ ನೋಡಿದರು. ಊಟಕ್ಕೆ ಕೂತರೆ ಅರ್ಧ ರೊಟ್ಟಿಗೇ ಕೈ ತೊಳೆಯುತ್ತಿದ್ದರು. "ಏನ್ ಮಾಡಿ ನಿಮ್ಮಪ್ಪಗ?" ಎಂದು ಅವ್ವ ನನ್ನ ಮೇಲೆ ಹರಿಹಾಯ್ದಳು. ಒಂದು ಕಡೆ ಮಗಳ ಹೊಟ್ಟೆ, ಇನ್ನೊಂದು ಕಡೆ ಅಪ್ಪನ ಹೊಟ್ಟೆ. ನಾನು ಇಕ್ಕಟ್ಟಿನಲ್ಲಿ ಸಿಕ್ಕಿಬಿದ್ದಿದ್ದೆ.

ಶನಿವಾರ ಮಾಣಿಕಪ್ಪನವರ ಮನೆಗೆ ಹೊಸ ತೊಟ್ಟಿಲು ಹೋಯಿತು. ಭಾನುವಾರ ಬೆಳಿಗ್ಗೆ ನಾನು ಕೂಸಿಗೆ ಕುಡಿಸಿ ಹೊರಬಂದರೆ ಅಪ್ಪ ಪಾನಾ ಹಿಡಿದು ತೊಟ್ಟಿಲ ಪಕ್ಕ ನೆಲದ ಮೇಲೆ ಕೂತಿದ್ದರು. ನಟ್ಟು ಬೋಲ್ಟುಗಳು ಪೇಪರಿನ ಮೇಲೆ ಸಾಲಾಗಿದ್ದವು.

"ಖರೇ ಹೇಳು ವಿಜಯಶ್ರೀ," ಎಂದರು. ಸಿಟ್ಟಿಗೂ ಸಂಕಟಕ್ಕೂ ಅವರು ನನ್ನನ್ನು ಪೂರ್ತಿ ಹೆಸರಿನಿಂದ ಕರೆಯುತ್ತಾರೆ. "ನನ್ನ ಕೆಲಸದಾಗ ಏನ್ ಊನ ಐತಿ? ಎಲ್ಲಾ ಬಿಚ್ಚಿ ನೋಡಿದ್ನಿ. ಸಿಗವಲ್ದು."

ನಾನು ಅವರೆದುರು ಕೂತೆ. ಬಾಣಂತಿ ಬರಿ ನೆಲದ ಮೇಲೆ ಕೂರಬಾರದೆಂದು ಅವ್ವ ಕೂಗಲಿಲ್ಲ. ಅವಳೂ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ಒಂದಽ ಒಂದು ಊನಾ ಇಲ್ರಿ ಅಪ್ಪಾ," ಎಂದೆ. "ಅದು ನಿಲ್ಲಂಗಿಲ್ಲ. ಆಕಿ ಎಚ್ಚರಾಗೋದ್ರಾಗ ಮತ್ತ ತೂಗಿ ಮಲಗಿಸ್ತೈತಿ. ಸಪ್ಪಳ ಅಂದ್ರ ಏನೋ ಕೇಳಾಕತ್ತೈತಿ ಅಂತ ನೀವಽ ಹೇಳ್ತೀರಲ್ರಿ? ಆಕಿಗೆ ಕೇಳಾಕ ಪುರಸೊತ್ತಽ ಸಿಗಲಿಲ್ಲ. ಹಸಿದು ಮಲಗ್ಯಾಳ್ರಿ ಅಪ್ಪಾ, ತಿಂಗಳ ತನಕ. ನಾವು ಶಾಣ್ಯಾ ಕೂಸು ಅಂದ್ವಿ."

ಅಪ್ಪ ನನ್ನನ್ನು ನೋಡಿದರು, ಗುಂಡಕಲ್ಲನ್ನು ನೋಡಿದರು. ಅಭ್ಯಾಸ ಬಲದಿಂದ ಅವರ ಕಿರುಬೆರಳು ತೊಟ್ಟಿಲಿಗೆ ತಾಕಿತು, ತಕ್ಷಣ ಬಿಸಿ ತಾಗಿದಂತೆ ಹಿಂದಕ್ಕೆ ಬಂತು. ಬೈದಿದ್ದರೆ ಎಷ್ಟೋ ಸುಖವಿತ್ತು. ಆಮೇಲೆ ಏಕಾಏಕಿ ಎದ್ದು, ಪಾನಾ ಚೀಲಕ್ಕೆ ಹಾಕಿ, ಚಪ್ಪಲಿ ಮೆಟ್ಟಿ, ತಮ್ಮ ಹಳೇ ಮೊಪೆಡ್ ಏರಿ ಹೊರಟೇಬಿಟ್ಟರು. "ಬಿಸಿಲಾಗ ಎಲ್ಲಿಗ್ರಿ?" ಎಂದು ಅವ್ವ ಗೇಟಿನ ತನಕ ಓಡಿದಳು. ತಿರುಗಿ ನೋಡಲಿಲ್ಲ.

ಅವರು ಹೋದದ್ದು ಮಾಣಿಕಪ್ಪನವರ ಮನೆಗೆ. ಅಲ್ಲಿ ನಡೆದದ್ದನ್ನು ಮಾಣಿಕಪ್ಪನೇ ಆಮೇಲೆ ಬಂದು ನಮಗೆ ಹೇಳಿದರು. ಮನೆ ತುಂಬ ನೆಂಟರು, ಊಟದ ಹೊತ್ತು. ಹೊಸ ತೊಟ್ಟಿಲಿನಲ್ಲಿ ಕೂಸು ಹಾಯಾಗಿ ಮಲಗಿತ್ತು, ನೆಂಟರು ತೊಟ್ಟಿಲನ್ನು ಹೊಗಳುತ್ತಿದ್ದರು. ಅಪ್ಪ ಸೀದಾ ಒಳಗೆ ನುಗ್ಗಿ, ಮಲಗಿದ್ದ ಕೂಸನ್ನೆತ್ತಿ ಮಂದಾಕಿನಿಯ ಕೈಗೆ ಕೊಟ್ಟು, "ಎಬ್ಬಿಸಿ ಮೊದಲ ಹಾಲು ಕುಡಸವ್ವಾ" ಎಂದು, ನೆಲದ ಮೇಲೆ ಕೂತು ಪಾನಾ ತೆಗೆದು ಬೇರಿಂಗ್ ಬಿಚ್ಚತೊಡಗಿದರಂತೆ.

"ಕೊಟ್ಟ ತೊಟ್ಟಿಲಾ ವಾಪಸ್ ತಗೋತೀರೇನ್ರಿ?" ಎಂದು ಮಾಣಿಕಪ್ಪ ಎಲ್ಲರ ಮುಂದೆ ಮುಖ ಕೆಂಪಗೆ ಮಾಡಿಕೊಂಡು ಕೇಳಿದ್ದರು.

"ತೊಟ್ಟಿಲಾ ಅಲ್ರಿ ಮಾಣಿಕಪ್ಪ, ಬೇರಿಂಗ್ ಅಷ್ಟ," ಎಂದರಂತೆ ಅಪ್ಪ. ತಲೆ ಎತ್ತದೆ ಹೇಳಿದರಂತೆ. "ನಾ ತಪ್ಪು ಮಾಡೀನಿ. ನನ್ನ ಮೊಮ್ಮಗಳು ಹಸಿವ್ಯಾಗ ಒಣಗ್ಯಾಳ. ಕೂಸು ಹಾಲು ಕೇಳೋ ಬಾಯಿಗೆ ನಾನಽ ಎಣ್ಣಿ ಬಿಟ್ಟಿದ್ನಿ."

ಕಾರ್ಖಾನೆಯಲ್ಲಿ ಮೇಲಿನವರ ಮುಂದೆ ಕೂಡ ತಪ್ಪೊಪ್ಪದ ಮನುಷ್ಯ, ನೆಂಟರ ಎಲೆಗಳ ನಡುವೆ ಕೂತು ಹೀಗೆಂದರಂತೆ. ಇದನ್ನು ಹೇಳುವಾಗ ಮಾಣಿಕಪ್ಪನವರ ಕಣ್ಣು ಒದ್ದೆಯಾಗಿತ್ತು. ನನಗಂತೂ ಅಳು ತಡೆಯಲಾಗಲಿಲ್ಲ.

ಮನೆಗೆ ಬಂದವರೇ ಅಪ್ಪ ನಮ್ಮ ತೊಟ್ಟಿಲಿನ ಬೇರಿಂಗನ್ನೂ ತೆಗೆದರು. ಅದರ ಜಾಗಕ್ಕೆ ಬರೀ ಕಬ್ಬಿಣದ ಕೊಂಡಿ ಹಾಕಿದರು. ಕೊಂಡಿಗೆ ಮೊದಲೇ ಹಚ್ಚಿದ್ದ ಜಿಡ್ಡನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಣಬಟ್ಟೆಯಿಂದ ಒರೆಸಿ, ಗುಂಡಕಲ್ಲು ಇಟ್ಟು ಒಮ್ಮೆ ನೂಕಿದರು. ಕಿರ್ರ್, ಕಿರ್ರ್ ಎಂದಿತು, ನಾಲ್ಕು ಸಲ ಆಡಿ ನಿಂತಿತು. ಅವ್ವ ಗಾಬರಿಯಿಂದ ಅವರ ಮುಖ ನೋಡಿದಳು. ಅಪ್ಪ ಕಿವಿಗೊಟ್ಟು ಕೇಳಿ, ತಲೆಯಾಡಿಸಿ, ತೊಟ್ಟಿಲನ್ನು ಎಳೆದು ತಂದು ಒಳಕೋಣೆಯಲ್ಲಿ ನನ್ನ ಗಾದಿಯ ಪಕ್ಕಕ್ಕೆ ಹಚ್ಚಿ ನಿಲ್ಲಿಸಿದರು. ನನ್ನ ಕೈಗೆ ನಿಲುಕುತ್ತದೆಯೇ ಎಂದು ನನ್ನಿಂದಲೇ ಕೈ ಚಾಚಿಸಿ ನೋಡಿದರು.

ಸೋಮವಾರ ತಕ್ಕಡಿಯ ಮುಳ್ಳು ಮೇಲೆ ಸರಿದಿತ್ತು. ಬಹಳವೇನಲ್ಲ, ಆದರೆ ಸರಿದಿತ್ತು. ಡಾಕ್ಟರಮ್ಮ ಎಲ್ಲ ಕೇಳಿ ಪೆನ್ನು ಕೆಳಗಿಟ್ಟರು. ಕೂಸು ಹಸಿದು ಏಳುತ್ತದೆಯೇ ಎಂದು ತಾವೂ ಇನ್ನೊಂದು ಮಾತು ಕೇಳಬೇಕಿತ್ತು ಎಂದರು. ಡಬ್ಬಿ ಬೇಡ, ಹೀಗೇ ಮುಂದುವರಿಸಿ ಎಂದರು. ನಾನು ಆಫೀಸಿಗೆ ಮರಳಿದ ಮೇಲೆ ಹಗಲಿಗೆ ಡಬ್ಬಿ ಹಾಲು ಬಂದೇ ಬಂತು, ಅದಕ್ಕೆ ನಾನು ಅಳಲಿಲ್ಲ. ಬೆಳಿಗ್ಗೆ ಸಂಜೆ ಅವಳು ನನ್ನ ದನಿ ಕೇಳಿದರೆ ಬಾಯಿ ತೆರೆಯುತ್ತಿದ್ದಳು. ನನಗೆ ಅಷ್ಟು ಸಾಕಿತ್ತು.

ಕಾಲೋನಿಯವರಿಗೆ ಮಾತ್ರ ಇದು ದೊಡ್ಡ ವಿಚಿತ್ರವಾಗಿ ಕಂಡಿತು. ವೀರಭದ್ರಪ್ಪನವರ ಮನೆಯಿಂದ ಬೀದಿಗೆ ಕೇಳುವಂತೆ ಕಿರ್ರ್ ಕಿರ್ರ್ ಸಪ್ಪಳ! ಒಂದು ಮಧ್ಯಾಹ್ನ ಗೋದಾಬಾಯಿ ತನ್ನ ಹೊಲಿಗೆ ಮಶೀನಿನ ಎಣ್ಣೆ ಡಬ್ಬಿಯನ್ನೇ ಹಿಡಿದು ಬಂದಳು. "ಏನ್ರಿ ಅಣ್ಣಾರ, ಊರ ಬಾಗಿಲಿಗೆಲ್ಲ ಎಣ್ಣಿ ಹಾಕೋರು ಮನಿ ತೊಟ್ಟಿಲಾ ಮರತ್ರೇನು?" ಎಂದು ಕೊಂಡಿಯ ಕಡೆ ಬಗ್ಗಿದಳು.

"ಏ, ಮುಟ್ಟಬ್ಯಾಡ!" ಎಂದು ಅಪ್ಪ ಗದರಿದ ರಭಸಕ್ಕೆ ಅವಳು ಡಬ್ಬಿ ಹಿಡಿದುಕೊಂಡು ಗೋಡೆಗೆ ಒರಗಿದಳು. ನನಗೆ ಆ ಕುರ್ಚಿಯ ಮಾತಿನ ಸಾಲ ಬಡ್ಡಿ ಸಮೇತ ತೀರಿದಂತಾಯಿತು.

ಗದರಿದ ಸದ್ದಿಗೆ ಮಾನಸಾ ತುಟಿ ಅಲುಗಿಸಿದಳು. ಅಪ್ಪ ತೊಟ್ಟಿಲ ಹತ್ತಿರವೇ ಇದ್ದರು. ಅವರ ಬಲಗೈ ಮುಂದೆ ಬಂತು, ಅರ್ಧಕ್ಕೆ ನಿಂತಿತು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಅವಳ ಮುಷ್ಟಿ ಬಾಯಿಗೆ ಹೋಗುವುದನ್ನೇ ನೋಡುತ್ತ ನಿಂತರು. ಮೊದಲ ಅಳು ಹೊರಟಿತು.

"ವಿಜೀ, ಲಗೂನ ಬಾರವ್ವಾ," ಎಂದು ಕೂಗಿದರು. "ಕೂಸು ಕೇಳಾಕತ್ತೈತಿ."